ಉಗಾಂಡದ ಕಾಫಿಗೆ ಅಮೆರಿಕದ ದುಡ್ಡು ನಿಂತರೆ ಕೊಡಗಿಗೇನು?

2025ರಲ್ಲಿ ಕೊಡಗಿನ ಕಾಫಿ ಬೆಳೆಗಾರರ ಕಿವಿಗೆ ಬಿದ್ದ ಸುದ್ದಿಗಳನ್ನು ಒಂದು ಸಾಲಿಗೆ ಜೋಡಿಸಿದರೆ ತಲೆ ಗಿರ್ರೆನ್ನುತ್ತದೆ. ಜುಲೈ 1ಕ್ಕೆ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗೆ ಬೀಗ ಹಾಕಿತು. ಆಗಸ್ಟ್‌ನಲ್ಲಿ ಅದೇ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹೇರಿತು. ನವೆಂಬರ್‌ನಲ್ಲಿ ಕಾಫಿ, ಟೀ, ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟಿತು. ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಅರಣ್ಯನಾಶ ತಡೆ ನಿಯಮವನ್ನು ಎರಡನೇ ಸಲ ಮುಂದೂಡಿತು.

ಸುಂಕದ ಸುದ್ದಿ ಎಲ್ಲರಿಗೂ ಅರ್ಥವಾಗುತ್ತದೆ. ನೆರವಿನ ಸುದ್ದಿಯೇ ಗೊಂದಲ. ಯುಎಸ್‌ಏಡ್ ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿದ್ದೇ 2025ರ ಫೆಬ್ರುವರಿಯಲ್ಲಿ. ಭಾರತದಲ್ಲಿ ಮತದಾನ ಹೆಚ್ಚಿಸಲು 2.1 ಕೋಟಿ ಡಾಲರ್ ಎತ್ತಿಟ್ಟಿದ್ದರು ಎಂಬ ಗಲಾಟೆ ಎದ್ದಾಗ. ಆ ಗಲಾಟೆ ತಣ್ಣಗಾದ ಮೇಲೆ ಉಳಿದ ವಿಷಯ ಬೇರೆಯೇ ಇದೆ. ಈ ಸಂಸ್ಥೆ ಉಗಾಂಡ, ಇಥಿಯೋಪಿಯ, ರುವಾಂಡದಂಥ ದೇಶಗಳ ಸಣ್ಣ ಕಾಫಿ ಬೆಳೆಗಾರರನ್ನು ರಫ್ತಿಗೆ ತಯಾರು ಮಾಡಲು ವರ್ಷಗಟ್ಟಲೆ ದುಡ್ಡು ಹಾಕಿತ್ತು. ಉಗಾಂಡ ನಮ್ಮ ಹಾಗೆಯೇ ರೋಬಸ್ಟಾ ತಳಿಯ ಕಾಫಿ ಹೆಚ್ಚಾಗಿ ಬೆಳೆಯುವ ದೇಶ. ಹಾಗಾದರೆ ಅವರಿಗೆ ಪುಕ್ಕಟೆ ದುಡ್ಡು ನಿಂತದ್ದು ನಮಗೆ ಲಾಭವೇ ಅಲ್ವಾ?

ಲೆಕ್ಕ ಅಷ್ಟು ಸುಲಭ ಇಲ್ಲ. ಯಾಕೆ ಅಂತ ನೋಡಬೇಕಾದರೆ ಈ ನೆರವು ಅಸಲಿಗೆ ಏನನ್ನು ಕೊಳ್ಳುತ್ತದೆ ಎನ್ನುವುದರಿಂದ ಶುರು ಮಾಡಬೇಕು.

ತೋಟಕ್ಕೂ ಹಡಗಿಗೂ ನಡುವಿನ ಖರ್ಚು

ವಿದೇಶಿ ನೆರವು ಎಂದರೆ ಬೆಳೆಗಾರನ ಕೈಗೆ ನೋಟಿನ ಕಟ್ಟು ಇಡುವುದು ಎಂಬ ಕಲ್ಪನೆ ಇದೆ. ಸಣ್ಣ ಉದ್ದಿಮೆ ಮತ್ತು ರಫ್ತಿನ ನೆರವಿನಲ್ಲಿ ಹಾಗೆ ಆಗುವುದು ಬಹಳ ಕಡಿಮೆ. ದುಡ್ಡು ಹೋಗುವುದು ಕಣ್ಣಿಗೆ ಕಾಣದ ಕೆಲಸಗಳಿಗೆ.

ಒಂದು ಉದಾಹರಣೆ. ಕಾಫಿ ಹಣ್ಣು ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿದು ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಇದು ಕೆಜಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ಯುರೋಪ್ ಹೇಳುತ್ತಿತ್ತು. 2023ರ ಜನವರಿಯಿಂದ ಆ ಮಿತಿಯನ್ನು 3ಕ್ಕೆ ಇಳಿಸಿತು. ಹುರಿಯುವುದು ಯುರೋಪಿನಲ್ಲೇ ಆದರೂ ಬೀಜ ಕೊಳ್ಳುವವನು ಮೊದಲೇ ಎಚ್ಚರ ವಹಿಸುತ್ತಾನೆ. ಈ ಮಿತಿಯೊಳಗೆ ಬರಲು ಏನು ಬೇಕು? ಮಣ್ಣಿನ ಅಂಗಳದ ಬದಲು ಸಿಮೆಂಟ್ ಕಣ ಬೇಕು, ಇಲ್ಲವೇ ಹಾಸಲು ಟಾರ್ಪಾಲಿನ್ ಬೇಕು. ತೇವ ಅಳೆಯುವ ಮೀಟರ್ ಬೇಕು. ಎಷ್ಟು ದಪ್ಪ ಹರಡಬೇಕು, ದಿನಕ್ಕೆ ಎಷ್ಟು ಸಲ ಮಗುಚಬೇಕು ಎಂದು ಹೇಳಿಕೊಡುವವರು ಬೇಕು. ಪರೀಕ್ಷೆ ಮಾಡುವ ಲ್ಯಾಬ್ ಬೇಕು. ಆ ಲ್ಯಾಬಿನ ವರದಿಯನ್ನು ಹ್ಯಾಂಬರ್ಗ್‌ನಲ್ಲಿ ಕೂತ ಖರೀದಿದಾರ ನಂಬಬೇಕು.

ನೂರು ಎಕರೆ ಇದ್ದವರು ಇದನ್ನೆಲ್ಲ ತಾವೇ ಮಾಡಿಕೊಳ್ಳುತ್ತಾರೆ. ಮೂರು ಎಕರೆಯವರಿಗೆ ಆಗುವುದಿಲ್ಲ. ಒಬ್ಬೊಬ್ಬರೇ ಮಾಡಲು ಹೊರಟರೆ ಖರ್ಚು ಬೆಳೆಯ ಬೆಲೆಯನ್ನೇ ತಿನ್ನುತ್ತದೆ. ನೂರು ಜನ ಸೇರಿದರೆ ಅಗ್ಗ, ಆದರೆ ಆ ನೂರು ಜನರನ್ನು ಸೇರಿಸುವುದಕ್ಕೂ ಯಾರೋ ಒಬ್ಬರಿಗೆ ಸಂಬಳ ಕೊಡಬೇಕು! ನೆರವಿನ ದುಡ್ಡು ಹೆಚ್ಚಾಗಿ ಹೋಗುವುದು ಇಲ್ಲಿಗೆ.

2005ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ವಿಶ್ವ ವ್ಯಾಪಾರ ಸಂಘಟನೆಯ ಸಚಿವರ ಸಭೆ ಈ ಕೆಲಸಕ್ಕೆ ‘ವ್ಯಾಪಾರಕ್ಕೆ ನೆರವು’ ಎಂದು ಒಂದು ಹೆಸರನ್ನೂ ಕೊಟ್ಟಿತು. ತರ್ಕ ಇಷ್ಟೇ. ಬಡ ದೇಶಕ್ಕೆ ಸುಂಕ ಕಡಿಮೆ ಮಾಡಿ ಬಾಗಿಲು ತೆರೆದರೂ ಆ ಬಾಗಿಲ ತನಕ ಬರಲು ಅದಕ್ಕೆ ದಾರಿ ಇಲ್ಲ. ದಾರಿ ಮಾಡಿಕೊಡಿ.

ಕಾಫಿಯ ಮೇಲೇ ಯಾಕೆ ಇಷ್ಟು ಪ್ರೀತಿ?

ಅಮೆರಿಕ ಹತ್ತಿಗಿಂತ, ಸೋಯಾಗಿಂತ ಕಾಫಿಗೆ ಧಾರಾಳವಾಗಿ ನೆರವು ಕೊಟ್ಟದ್ದಕ್ಕೆ ಒಂದು ಕಾನೂನಿನ ಕಾರಣ ಇದೆ. 1986ರಲ್ಲಿ ಅಲ್ಲಿನ ಸಂಸತ್ತು ಬಂಪರ್ಸ್ ತಿದ್ದುಪಡಿ ಎಂಬುದನ್ನು ತಂದಿತು. ಅಮೆರಿಕದ ರೈತರ ರಫ್ತಿಗೆ ಪೈಪೋಟಿ ಕೊಡುವ ಬೆಳೆಗೆ ಬೇರೆ ದೇಶದಲ್ಲಿ ನೆರವಿನ ದುಡ್ಡು ಹಾಕಬಾರದು ಎಂಬುದು ಅದರ ತಿರುಳು. ಅಮೆರಿಕದಲ್ಲಿ ಕಾಫಿ ಹವಾಯಿಯಂಥ ಒಂದೆರಡು ಕಡೆ ಬಿಟ್ಟರೆ ಬೆಳೆಯುವುದಿಲ್ಲ. ಹಾಗಾಗಿ ಕಾಫಿ, ಕೋಕೋ, ಸಾಂಬಾರ ಪದಾರ್ಥ ಇವೆಲ್ಲ ‘ಯಾರಿಗೂ ನೋವಾಗದ’ ಬೆಳೆಗಳು. ಅಮೆರಿಕದವರಿಗೆ ನೋವಾಗುವುದಿಲ್ಲ ಎಂದು ಅರ್ಥ. ಕೊಡಗಿನ ಸಿದ್ದಾಪುರದ ಬೆಳೆಗಾರನಿಗೆ ನೋವಾದೀತೇ ಎಂದು ಆ ಕಾನೂನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಇದಕ್ಕೂ ಹಿಂದಿನ ಕಥೆ ಇದೆ. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಪ್ರತಿ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಎಂಬ ಕೋಟಾ ಹಾಕಿ ಬೆಲೆಯನ್ನು ಎತ್ತಿ ಹಿಡಿಯುವುದು ಅದರ ಉದ್ದೇಶ. ಕೊಳ್ಳುವ ದೇಶವಾದ ಅಮೆರಿಕಕ್ಕೆ ಜಾಸ್ತಿ ಬೆಲೆಯಿಂದ ಏನು ಲಾಭ? ಕಾಫಿ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ದೇಶಗಳು ಕ್ಯೂಬಾದ ದಾರಿ ಹಿಡಿದಾವು ಎಂಬ ಹೆದರಿಕೆ ಅದಕ್ಕಿತ್ತು. ಅಂದರೆ ಆ ಕೋಟಾ ಕೂಡ ಬೆಲೆಯ ರೂಪದಲ್ಲಿ ಬಂದ ನೆರವೇ. ಶೀತಲ ಸಮರ ಮುಗಿಯುವ ಹೊತ್ತಿಗೆ, 1989ರಲ್ಲಿ, ಕೋಟಾ ಕುಸಿಯಿತು. ಬೆಲೆಯೂ ಕುಸಿಯಿತು.

ಕೊಡುವವನ ಅಗತ್ಯ ಮುಗಿದಾಗ ನೆರವೂ ಮುಗಿಯುತ್ತದೆ. 2025ರಲ್ಲಿ ಆದದ್ದು ಮೊದಲ ಸಲವೇನೂ ಅಲ್ಲ.

ಬಟಾಣಿ ಬೆರೆಸಿದ ಕಾಫಿಯಿಂದ ವಿಯೆಟ್ನಾಂ ತನಕ

ನೆರವು ಎಲ್ಲಿ ಬಿತ್ತಿದರೆ ಎಲ್ಲಿ ಮೊಳೆಯುತ್ತದೆ ಎಂದು ಮೊದಲೇ ಹೇಳಲಾಗದು. ಇದಕ್ಕೆ ಕೊಡಗಿನವರು ಮರೆಯಬಾರದ ಉದಾಹರಣೆ ವಿಯೆಟ್ನಾಂ.

1975ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಭಾರಿ ಹಿಮ ಬಿದ್ದು ಕಾಫಿ ತೋಟಗಳು ಸುಟ್ಟುಹೋದವು. ಜಗತ್ತಿನಲ್ಲಿ ಬೆಲೆ ಏರಿತು. ಆಗಿನ ಪೂರ್ವ ಜರ್ಮನಿಯ ಹತ್ತಿರ ಕಾಫಿ ಕೊಳ್ಳಲು ಡಾಲರ್ ಇರಲಿಲ್ಲ. 1977ರಲ್ಲಿ ಅದು ಅರ್ಧಕ್ಕರ್ಧ ಬಟಾಣಿ, ಧಾನ್ಯಗಳನ್ನು ಬೆರೆಸಿದ ‘ಕಾಫಿ ಮಿಕ್ಸ್’ ಮಾರಿತು. ಜನ ಕುಡಿಯಲಿಲ್ಲ, ಬೈದರು. (ಚಿಕೋರಿಗೆ ಒಗ್ಗಿದ ನಮ್ಮ ನಾಲಿಗೆ ಬಹುಶಃ ಇಷ್ಟು ಸಿಟ್ಟಾಗುತ್ತಿರಲಿಲ್ಲ.) ಡಾಲರ್ ಇಲ್ಲದೆ ಕಾಫಿ ಪಡೆಯುವ ದಾರಿ ಹುಡುಕಿದ ಆ ಸರ್ಕಾರ 1980ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡಿತು. ಡಾಕ್ ಲಾಕ್ ಪ್ರಾಂತ್ಯದಲ್ಲಿ ತೋಟ ಹಾಕಲು ಯಂತ್ರ, ನೀರಾವರಿ, ತರಬೇತಿ ಎಲ್ಲ ಕೊಟ್ಟಿತು. ಬದಲಿಗೆ ಮುಂದಿನ 20 ವರ್ಷ ಬೆಳೆಯ ಅರ್ಧ ತನಗೆ ಎಂದಿತು.

ಕಾಫಿ ಗಿಡಕ್ಕೆ ರಾಜಕೀಯದ ಆತುರ ಗೊತ್ತಿಲ್ಲ. ತೋಟ ಹಾಕಿ, ಗಿಡ ಬಲಿತು, ಫಸಲು ಕೈಗೆ ಬರುವ ಹೊತ್ತಿಗೆ ಬರ್ಲಿನ್ ಗೋಡೆ ಬಿದ್ದಿತ್ತು. 1990ರಲ್ಲಿ ಪೂರ್ವ ಜರ್ಮನಿ ಎಂಬ ದೇಶವೇ ಇರಲಿಲ್ಲ. ತೋಟ ಮಾತ್ರ ಅಲ್ಲೇ ಉಳಿಯಿತು.

ವಿಯೆಟ್ನಾಂ ಮುಂದೆ ಬಂದದ್ದು ಇದೊಂದರಿಂದಲೇ ಅಲ್ಲ. 1986ರ ಆರ್ಥಿಕ ಸುಧಾರಣೆಯಲ್ಲಿ ಭೂಮಿ ಮತ್ತೆ ರೈತ ಕುಟುಂಬಗಳ ಕೈಗೆ ಬಂತು. ಸರ್ಕಾರ ಅಗ್ಗದ ಸಾಲ ಕೊಟ್ಟಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಏರಿದಾಗ ಎಲ್ಲರೂ ಕಾಫಿ ನೆಟ್ಟರು. ಆ ಗಿಡಗಳೆಲ್ಲ ಒಟ್ಟಿಗೆ ಫಸಲಿಗೆ ಬಂದದ್ದು 2000ದ ಆಸುಪಾಸಿನಲ್ಲಿ. ಜಗತ್ತಿನ ಬೆಲೆ ನೆಲಕಚ್ಚಿತು. ಕೊಡಗಿನ ತೋಟಗಳ ಸಾಲದ ಕಥೆ ಬಹುಪಾಲು ಶುರುವಾಗುವುದು ಆ ವರ್ಷಗಳಿಂದ. ಬರ್ಲಿನ್‌ನ ಬಟಾಣಿ ಕಾಫಿಗೂ ಕೊಡಗಿನ ಅಮ್ಮತ್ತಿಯ ಸಾಲದ ಖಾತೆಗೂ ಹೀಗೊಂದು ದೂರದ ನಂಟಿದೆ.

ಇವತ್ತು ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ. ನೆರವು ಕೊಟ್ಟವನು ಸತ್ತರೂ ನೆರವಿನ ಫಲ ಸಾಯದೆ ಇರಬಹುದು. ಉಗಾಂಡದ ದುಡ್ಡು ನಿಂತಿತು, ಇನ್ನು ಅವರ ಕಾಫಿಯೂ ನಿಲ್ಲುತ್ತದೆ ಎಂದು ಲೆಕ್ಕ ಹಾಕುವವರು ಈ ಕಥೆಯನ್ನು ಇನ್ನೊಂದು ಸಲ ಓದಬೇಕು.

ಮತ್ತೊಂದು ಮಾತು. ಭಾರತದಿಂದ ಇನ್‌ಸ್ಟೆಂಟ್ ಕಾಫಿ ರಫ್ತು ಮಾಡುವ ಕಾರ್ಖಾನೆಗಳು ವಿಯೆಟ್ನಾಂ, ಉಗಾಂಡಗಳಿಂದ ರೋಬಸ್ಟಾ ತರಿಸಿಕೊಂಡು ಪುಡಿ ಮಾಡಿ ಮತ್ತೆ ಹೊರಗೆ ಕಳಿಸುತ್ತವೆ. ಹಾಗಾಗಿ ಉಗಾಂಡ ನಮ್ಮ ಎದುರಾಳಿಯೂ ಹೌದು, ನಮ್ಮ ಕಾರ್ಖಾನೆಗಳಿಗೆ ಬೀಜ ಕೊಡುವ ದೇಶವೂ ಹೌದು.

ಎಷ್ಟು ನಿಂತಿತು?

2025ರ ಜನವರಿ 20ರಂದು ಅಧಿಕಾರಕ್ಕೆ ಬಂದ ದಿನವೇ ಡೊನಾಲ್ಡ್ ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ಮಾರ್ಚ್‌ನಲ್ಲಿ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳು, ಅಂದರೆ ಸುಮಾರು 5,200 ಗುತ್ತಿಗೆಗಳು ರದ್ದಾದವು. 1961ರಲ್ಲಿ ಜಾನ್ ಎಫ್. ಕೆನಡಿ ಹುಟ್ಟುಹಾಕಿದ್ದ ಸಂಸ್ಥೆ ಹೀಗೆ ಆರು ತಿಂಗಳೊಳಗೆ ಮುಗಿಯಿತು. ಅಮೆರಿಕದ ಕೇಂದ್ರ ಬಜೆಟ್ಟಿನಲ್ಲಿ ವಿದೇಶಿ ನೆರವಿನ ಪಾಲು ಇದ್ದದ್ದೇ ಶೇ 1ರ ಆಸುಪಾಸು.

ಅಮೆರಿಕ ಒಂದೇ ಅಲ್ಲ. ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಆ ದುಡ್ಡು ಸೈನ್ಯಕ್ಕೆ. ಜರ್ಮನಿ, ಫ್ರಾನ್ಸ್ ಕೂಡ ಕಡಿತ ಮಾಡಿವೆ. ಶ್ರೀಮಂತ ದೇಶಗಳು ಶೇ 0.7 ಕೊಡಬೇಕು ಎಂದು ವಿಶ್ವಸಂಸ್ಥೆ ಗುರಿ ಇಟ್ಟದ್ದು 1970ರಲ್ಲಿ. 2024ರಲ್ಲಿ ಶ್ರೀಮಂತ ದೇಶಗಳ ಒಟ್ಟು ನೆರವು 21,210 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ಶೇ 7.1 ಕಡಿಮೆ. 2025ರಲ್ಲಿ ಇನ್ನೂ ಶೇ 9ರಿಂದ 17ರಷ್ಟು ಇಳಿಯಬಹುದು ಎಂದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಅಂದಾಜು ಮಾಡಿತ್ತು.

ದುಡ್ಡು ಕಡಿಮೆಯಾದಾಗ ಮೊದಲು ಉಳಿಸಿಕೊಳ್ಳುವುದು ಔಷಧಿ, ಆಹಾರ. ಅದು ಸರಿ ಕೂಡ. ಕಾಫಿ ಒಣಗಿಸುವ ತರಬೇತಿ, ಲ್ಯಾಬ್, ಸಹಕಾರ ಸಂಘದ ಲೆಕ್ಕ ಪುಸ್ತಕ ಇವೆಲ್ಲ ಪಟ್ಟಿಯ ತಳದಲ್ಲಿ ಇರುತ್ತವೆ. ಇವು ನಿಂತರೆ ನಾಳೆ ಬೆಳಿಗ್ಗೆ ಯಾರೂ ಸಾಯುವುದಿಲ್ಲ. ಐದು ವರ್ಷ ಬಿಟ್ಟು ನೋಡಿದರೆ ರಫ್ತು ಮಾಡುತ್ತಿದ್ದ ಸಂಘ ಇರುವುದಿಲ್ಲ, ಅಷ್ಟೆ.

ನೆರವು ಬೇಕು ಅನ್ನುವವರು, ಬೇಡ ಅನ್ನುವವರು

ಬೇಕು ಅನ್ನುವವರು ತೋರಿಸುವುದು ರುವಾಂಡವನ್ನು. ನರಮೇಧದಿಂದ ಚೇತರಿಸಿಕೊಳ್ಳುತ್ತಿದ್ದ ಆ ದೇಶದಲ್ಲಿ 2000ದ ಹೊತ್ತಿಗೆ ಹಣ್ಣು ತೊಳೆದು ಸಂಸ್ಕರಿಸುವ ಘಟಕಗಳು ಬೆರಳೆಣಿಕೆಗೂ ಸಾಲುತ್ತಿರಲಿಲ್ಲ. ಬೆಳೆಗಾರರು ಮನೆಯಲ್ಲೇ ಹೇಗೋ ಸಿಪ್ಪೆ ಸುಲಿದು ಅಗ್ಗಕ್ಕೆ ಮಾರುತ್ತಿದ್ದರು. ಯುಎಸ್‌ಏಡ್ ಹಣದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಅಲ್ಲಿ ಸಹಕಾರ ಸಂಘ ಕಟ್ಟಿದವು, ರುಚಿ ನೋಡುವವರನ್ನು ತಯಾರು ಮಾಡಿದವು, ಕೊಳ್ಳುವವರನ್ನು ಕರೆತಂದವು. 2008ರಲ್ಲಿ ಆಫ್ರಿಕಾದ ಮೊದಲ ‘ಕಪ್ ಆಫ್ ಎಕ್ಸಲೆನ್ಸ್’ ಕಾಫಿ ಸ್ಪರ್ಧೆ ನಡೆದದ್ದು ರುವಾಂಡದಲ್ಲಿ.

ಬೇಡ ಅನ್ನುವವರ ವಾದವೂ ಹಗುರ ಅಲ್ಲ. ನೆರವಿನ ದುಡ್ಡಿನ ದೊಡ್ಡ ಪಾಲು ಕೊಡುವ ದೇಶದ ಸಲಹೆಗಾರರ ಸಂಬಳಕ್ಕೇ ವಾಪಸ್ ಹೋಗುತ್ತದೆ. ಯೋಜನೆ ಮುಗಿದ ಮರುದಿನ ಘಟಕದ ಜನರೇಟರಿಗೆ ಡೀಸೆಲ್ ಹಾಕುವವರಿಲ್ಲ. ಸರ್ಕಾರಗಳು ತಮ್ಮ ಕೆಲಸವನ್ನು ಬೇರೆಯವರು ಮಾಡುತ್ತಾರೆ ಎಂದು ಸುಮ್ನೆ ಕೂರುತ್ತವೆ. ಹತ್ತಾರು ದೇಶಗಳಿಗೆ ಒಂದೇ ಬೆಳೆ ಹೆಚ್ಚಿಸಲು ನೆರವಾದರೆ ಬೆಲೆ ಬೀಳುವುದಿಲ್ಲವೇ ಎಂಬ ಪ್ರಶ್ನೆಗೂ ನೇರ ಉತ್ತರ ಸಿಗುವುದಿಲ್ಲ.

ಮೂರನೇ ಮಾತು ಹೇಳುವವರು ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ದೇಶಗಳವರು. ಇವು ಹತ್ತಿ ಬೆಳೆಯುವ ದೇಶಗಳು. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿಯಿಂದ ಜಗತ್ತಿನ ಹತ್ತಿ ಬೆಲೆ ಇಳಿಯುತ್ತದೆ, ನಮಗೆ ನೆರವು ಕೊಡುವ ಬದಲು ಆ ಸಬ್ಸಿಡಿ ನಿಲ್ಲಿಸಿ ಎಂದು ಅವರು 2003ರಿಂದ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಕೇಳುತ್ತಲೇ ಇದ್ದಾರೆ. ಈ ಮೂರರಲ್ಲಿ ಗಟ್ಟಿಯಾದ ವಾದ ಇದೇ ಎಂದು ಕಾಣುತ್ತದೆ. ಕಾಫಿಯಲ್ಲೂ ಇದರ ತಮ್ಮನಂಥ ಸಮಸ್ಯೆ ಒಂದಿದೆ. ಹಸಿರು ಬೀಜವನ್ನು ಯುರೋಪ್ ಸುಂಕವಿಲ್ಲದೆ ಒಳಗೆ ಬಿಡುತ್ತದೆ. ಅದೇ ಬೀಜ ಹುರಿದು ಕಳಿಸಿದರೆ ಸಾಮಾನ್ಯ ದರದಲ್ಲಿ ಶೇ 7.5 ಸುಂಕ. ಇನ್‌ಸ್ಟೆಂಟ್ ಆದರೆ ಶೇ 9. ವ್ಯಾಪಾರ ಒಪ್ಪಂದ ಇದ್ದವರಿಗೆ, ರಿಯಾಯಿತಿ ಪಡೆದವರಿಗೆ ಇದು ಕಡಿಮೆ. ಆದರೂ ಸುಂಕದ ಈ ಮೆಟ್ಟಿಲು ಹೇಳುವುದು ಒಂದೇ: ಬೀಜ ಕೊಡಿ, ಹುರಿಯುವ ಲಾಭ ನಮಗೆ ಬಿಡಿ. ಒಂದು ಕೈಯಲ್ಲಿ ಸಣ್ಣ ಉದ್ದಿಮೆಗೆ ನೆರವು, ಇನ್ನೊಂದು ಕೈಯಲ್ಲಿ ಆ ಉದ್ದಿಮೆ ಬೆಳೆಯದ ಹಾಗೆ ಬೇಲಿ.

ಹಾಗಾದರೆ ಕೊಡಗಿಗೆ ನೆರವು ಕೊಟ್ಟವರು ಯಾರು?

ಭಾರತ ಈಗ ನೆರವು ಬೇಡುವ ದೇಶವಾಗಿ ಉಳಿದಿಲ್ಲ. 2003ರಲ್ಲೇ ಕೇಂದ್ರ ಸರ್ಕಾರ ಸಣ್ಣ ಪುಟ್ಟ ದೇಶಗಳ ನೆರವು ಸಾಕು ಎಂದು ಹೇಳಿ ಕೆಲವೇ ದೊಡ್ಡ ದೇಶಗಳಿಗೆ ಪಟ್ಟಿ ಸೀಮಿತ ಮಾಡಿತ್ತು. ಬ್ರಿಟನ್‌ನ ನೇರ ಆರ್ಥಿಕ ನೆರವು 2015ಕ್ಕೆ ಮುಗಿಯಿತು. 1964ರಿಂದಲೂ ಐಟೆಕ್ ಹೆಸರಿನಲ್ಲಿ ಬೇರೆ ದೇಶದವರಿಗೆ ತರಬೇತಿ ಕೊಡುತ್ತಾ ಬಂದ ಭಾರತ ಇವತ್ತು ಕೊಡುವವರ ಸಾಲಿನಲ್ಲೂ ಇದೆ.

ಕೊಡಗಿಗೆ ಹೊರಗಿನ ದುಡ್ಡು ಬಂದೇ ಇಲ್ಲ ಎಂದಲ್ಲ. ಯುರೋಪಿಯನ್ ಒಕ್ಕೂಟ ಹಣ ಹಾಕಿದ್ದ ಕೆಫ್‌ನೆಟ್ ಎಂಬ ಯೋಜನೆ ಮಧ್ಯ ಅಮೆರಿಕ, ಪೂರ್ವ ಆಫ್ರಿಕಾದ ಜೊತೆ ಕೊಡಗನ್ನೂ ಆರಿಸಿಕೊಂಡಿತ್ತು. ಪೊನ್ನಂಪೇಟೆಯ ಅರಣ್ಯ ಕಾಲೇಜು ಅದರಲ್ಲಿ ಪಾಲುದಾರ. ನೆರಳಿನ ಮರ, ನೀರು, ಜೇನು, ಇವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವಂತೆ ಮಾಡಬಹುದೇ ಎಂದು ನೋಡುವುದು ಅದರ ಕೆಲಸವಾಗಿತ್ತು.

ಆದರೆ ತೋಟಕ್ಕೂ ಹಡಗಿಗೂ ನಡುವಿನ ಖರ್ಚನ್ನು ಇಲ್ಲಿ ಹೊತ್ತದ್ದು ಮುಖ್ಯವಾಗಿ ನಮ್ಮದೇ ವ್ಯವಸ್ಥೆ. 1942ರ ಕಾಫಿ ಕಾಯ್ದೆಯಡಿ ಕಾಫಿ ಬೋರ್ಡ್ ಇತ್ತು. ಬೆಳೆಗಾರ ಕಾಫಿಯನ್ನು ಪೂಲ್ ಎಂಬ ಒಟ್ಟು ದಾಸ್ತಾನಿಗೆ ಕೊಡಬೇಕು, ಬೋರ್ಡ್ ಹರಾಜು ಹಾಕಿ ಕಂತಿನಲ್ಲಿ ದುಡ್ಡು ಕೊಡಬೇಕು. ದುಡ್ಡು ತಡವಾಗಿ ಬರುತ್ತದೆ ಎಂಬ ದೂರು ಯಾವಾಗಲೂ ಇತ್ತು. ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿತ್ತು. ಆ ದೇಶವೂ 1991ರಲ್ಲಿ ಇಲ್ಲವಾಯಿತು. 1992ರಿಂದ ಒಂದೊಂದೇ ಗಂಟು ಸಡಿಲಿಸಿ, 1996ಕ್ಕೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು.

ಮುಕ್ತವಾದದ್ದು ಬೆಳೆಗಾರರಿಗೆ ಇಷ್ಟವೇ ಆಯಿತು. ಆದರೆ ಪೂಲ್ ಜೊತೆಗೆ ಇನ್ನೊಂದೂ ಹೋಯಿತು. ಸಣ್ಣವನ ಎರಡು ಚೀಲವೂ ದೊಡ್ಡವನ ಇನ್ನೂರು ಚೀಲವೂ ಒಂದೇ ದಾರಿಯಲ್ಲಿ ಹಡಗು ಹತ್ತುತ್ತಿದ್ದ ವ್ಯವಸ್ಥೆ ಮುಗಿಯಿತು. ಈಗ ಸಣ್ಣ ಬೆಳೆಗಾರ ಊರಿನ ಏಜೆಂಟರಿಗೆ ಚೆರ್ರಿ, ಅಂದರೆ ಒಣಗಿಸಿದ ಹಣ್ಣು ಮಾರುತ್ತಾನೆ. ಏಜೆಂಟ್ ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡಿ 50 ಕೆಜಿ ಚೀಲಕ್ಕೆ ರೇಟು ಹೇಳುತ್ತಾನೆ. ಅಲ್ಲಿಂದ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್, ಅಲ್ಲಿಂದ ಮಂಗಳೂರೋ ಕೊಚ್ಚಿಯೋ. ಭಾರತದ ಕಾಫಿ ರಫ್ತು 2023-24ರಲ್ಲಿ ಸುಮಾರು 129 ಕೋಟಿ ಡಾಲರ್ ಇದ್ದದ್ದು ಮರುವರ್ಷ ಸುಮಾರು 180 ಕೋಟಿಗೆ ಏರಿತು. ದೇಶದ ಕಾಫಿಯ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಸಣ್ಣವು. ಇಷ್ಟಾದರೂ ರಫ್ತುದಾರ ಎಂಬ ಹೆಸರು ಈ ಸಣ್ಣವರಿಗೆ ಇಲ್ಲ. ಅವರ ಕಾಫಿ ಇಟಲಿಗೆ ಹೋಗುತ್ತದೆ, ಅವರು ಗೇಟಿನ ತನಕ ಹೋಗುತ್ತಾರೆ.

2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಗುರುತು ಕಾಗದದಲ್ಲಿ ಇದೆ. ಅದನ್ನು ಚೀಲದ ಮೇಲೆ ಹಾಕಿ ಜಾಸ್ತಿ ಬೆಲೆಗೆ ಮಾರಲು ಬೇಕಾದ ನಡುವಿನ ಕೆಲಸಕ್ಕೆ ದುಡ್ಡು ಹಾಕುವವರು ಯಾರು ಎಂಬುದು ಮತ್ತೆ ಅದೇ ಹಳೇ ಪ್ರಶ್ನೆ.

ಯುರೋಪಿನ ನಕ್ಷೆ, ಕೊಡಗಿನ ಮರ

ಈ ಪ್ರಶ್ನೆ ಈಗ ಯಾಕೆ ಅರ್ಜೆಂಟು ಎಂದರೆ ಇಯುಡಿಆರ್ ಎಂಬ ಯುರೋಪಿನ ಅರಣ್ಯನಾಶ ತಡೆ ನಿಯಮ. 2023ರ ಜೂನ್‌ನಲ್ಲಿ ಬಂದರೂ ಪಾಲನೆಯ ಗಡುವು ಮುಂದೆ ಹೋಗುತ್ತಲೇ ಇರುವ ಈ ಕಾನೂನು ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ ಈ ಏಳಕ್ಕೆ ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾದರೆ ಯುರೋಪಿನೊಳಗೆ ಬರುವಂತಿಲ್ಲ. ಅದನ್ನು ತೋರಿಸಲು ಕಾಫಿ ಬೆಳೆದ ಪ್ರತಿ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರ್ ಒಳಗಾದರೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಬೆಳೆದ ದೇಶದ ಭೂಮಿ ಕಾನೂನಿನ ಪ್ರಕಾರವೂ ಎಲ್ಲ ಸರಿ ಇರಬೇಕು.

ಭಾರತವನ್ನು 2025ರ ಮೇಯಲ್ಲಿ ‘ಕಡಿಮೆ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಿದರು. ಇದನ್ನು ಕೇಳಿ ಹಲವರು ನಮಗೆ ನಕ್ಷೆ ಬೇಡ ಎಂದುಕೊಂಡರು. ಹಾಗಲ್ಲ. ಕಡಿಮೆ ಅಪಾಯ ಎಂದರೆ ತಪಾಸಣೆ ಕಡಿಮೆ: ಯುರೋಪಿನ ಅಧಿಕಾರಿಗಳು ಆಮದುದಾರರಲ್ಲಿ ಶೇ 1ರಷ್ಟನ್ನು ನೋಡುತ್ತಾರೆ, ಹೆಚ್ಚು ಅಪಾಯದ ದೇಶವಾದರೆ ಶೇ 9. ಜಾಗದ ಗುರುತು ಮಾತ್ರ ಎಲ್ಲರೂ ಕೊಡಬೇಕು.

ಕೊಡಗಿನಲ್ಲಿ ಇದರ ತೊಡಕು ಎರಡು. ಮೊದಲನೆಯದು ಸ್ವಲ್ಪ ವ್ಯಂಗ್ಯ. ಬ್ರೆಜಿಲ್‌ನ ಬಯಲು ಕಾಫಿ ಉಪಗ್ರಹದಲ್ಲಿ ಕೃಷಿಭೂಮಿಯಂತೆ ಕಾಣುತ್ತದೆ. ನಮ್ಮ ಕಾಫಿ ಹಲಸು, ಬಳಂಜಿ, ನೇರಳೆ ಮರಗಳ ನೆರಳಿನಲ್ಲಿ, ಮರಕ್ಕೆ ಹಬ್ಬಿದ ಕರಿಮೆಣಸಿನ ಕೆಳಗೆ ಇದೆ. ಮೇಲಿನಿಂದ ನೋಡಿದರೆ ಕಾಡು! 2020ರಲ್ಲಿ ಕಾಡು ಎಂದು ಗುರುತಾದ ತೋಟದಲ್ಲಿ ಮಾಮೂಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡಿದರೆ, ಮುಂದಿನ ಚಿತ್ರದಲ್ಲಿ ಅದು ಕಾಡು ಕಡಿದಂತೆ ತೋರಬಹುದು. ಮರ ಉಳಿಸಿಕೊಂಡವನೇ ಮರ ಕಡಿಯಲಿಲ್ಲ ಎಂದು ಸಾಬೀತು ಮಾಡಬೇಕು.

ಎರಡನೆಯದು ಜಮೀನಿನ ಕಾಗದ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಟ್ಟೆ ಒಕ್ಕದ, ಅಂದರೆ ಒಂದೇ ಮೂಲದ ಕೊಡವ ಕುಟುಂಬದ, ಹಿರಿಯರ ಹೆಸರಿನಲ್ಲಿ ಇರುತ್ತದೆ. ಪಹಣಿಯಲ್ಲಿ ಹತ್ತಾರು ಹೆಸರು. ತೋಟ ಮಾಡುವವರು ಒಬ್ಬರು. ಮನೆಯೊಳಗೆ ಯಾರಿಗೂ ಅನುಮಾನವಿಲ್ಲದ ಗಡಿ, ಕಾಗದದಲ್ಲಿ ಇರುವುದಿಲ್ಲ. ಬ್ರಸೆಲ್ಸ್‌ನಲ್ಲಿ ಕಾನೂನು ಬರೆದವರ ತಲೆಯಲ್ಲಿ ಒಕ್ಕ ಎಂಬ ಪದ ಇದ್ದಿರಲಾರದು.

ನಿಯಮ ಹೇರಿದ ಯುರೋಪ್ ಅದನ್ನು ಪಾಲಿಸಲು ನೆರವನ್ನೂ ಕೊಡುತ್ತದೆ. ಬಡ ದೇಶಗಳ ಸಣ್ಣ ಬೆಳೆಗಾರರಿಗೆಂದು 2023ರ ಡಿಸೆಂಬರ್‌ನಲ್ಲಿ 7 ಕೋಟಿ ಯೂರೋ ಘೋಷಿಸಿತು. ಏಳು ಸರಕು, ಹತ್ತಾರು ದೇಶ, ಕೋಟ್ಯಂತರ ಹಿಡುವಳಿ. ಹಂಚಿದರೆ ಒಬ್ಬೊಬ್ಬರಿಗೆ ಒಂದು ಕಾಫಿಯ ದುಡ್ಡೂ ಬರುವುದು ಕಷ್ಟ. ನಮ್ಮಲ್ಲಿ ಕಾಫಿ ಬೋರ್ಡ್ ಬೆಳೆಗಾರರ ನೋಂದಣಿಗೆ ಮೊಬೈಲ್ ಆಪ್ ತಂದಿದೆ. ಬೆಳೆಗಾರ ಅದರಲ್ಲಿ ತನ್ನ ತೋಟ ಗುರುತಿಸಬೇಕು.

ಇನ್ನು ಆಗುವುದೇನು?

ಆಫ್ರಿಕಾದಲ್ಲಿ ಉತ್ಪಾದನೆ ತಟ್ಟನೆ ಕುಸಿಯುವುದಿಲ್ಲ. 2024ರ ಕೊನೆ, 2025ರ ಆರಂಭದಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತ್ತು. ಅಂಥ ಬೆಲೆ ಕಂಡ ರೈತ ನೆರವಿಲ್ಲದೆಯೂ ಗಿಡ ನೆಡುತ್ತಾನೆ. ಆ ಗಿಡ ಮೂರ್ನಾಲ್ಕು ವರ್ಷಕ್ಕೆ ಫಸಲು ಕೊಡುತ್ತದೆ. ಅಂದರೆ ಕಾಫಿ ಹೆಚ್ಚಾಗುತ್ತದೆ, ಗುಣಮಟ್ಟ ಮತ್ತು ಕಾಗದ ಪತ್ರ ಹಿಂದೆ ಬೀಳುತ್ತದೆ. ಅಗ್ಗದ ಕಾಫಿ ಮಾರುಕಟ್ಟೆಗೆ ಜಾಸ್ತಿ ಬಂದರೆ ಕೊಡಗಿನ ಚೆರ್ರಿ ಬೆಲೆಯೂ ಕೆಳಗೆ ಎಳೆಯುತ್ತದೆ. ಎದುರಾಳಿ ಬಡವಾದಾಗ ನಾವು ಶ್ರೀಮಂತರಾಗುತ್ತೇವೆ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಚೀನಾ ಇನ್ನೊಂದು ದಾರಿಯಲ್ಲಿ ಬರುತ್ತಿದೆ. ತನ್ನ ಜೊತೆ ರಾಜತಾಂತ್ರಿಕ ಸಂಬಂಧ ಇರುವ ಅತಿ ಬಡ ದೇಶಗಳ ಸರಕಿಗೆ 2024ರ ಡಿಸೆಂಬರ್ 1ರಿಂದ ಸುಂಕ ಪೂರ್ತಿ ತೆಗೆದಿದೆ. ಇದು ಬಾಗಿಲು ತೆರೆಯುವ ದಾರಿ. ಚೀನಾದಲ್ಲಿ ಕಾಫಿ ಕುಡಿಯುವವರು ಹೆಚ್ಚುತ್ತಿರುವಾಗ ಇಥಿಯೋಪಿಯಕ್ಕೆ ಅದು ಸಾಕೂ ಆಗಬಹುದು.

ಹೆಚ್ಚು ಗಮನಿಸಬೇಕಾದದ್ದು ಮಾತ್ರ ಬೇರೆ. ನೆರವಿನ ಸಂಸ್ಥೆ ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ. ಯುರೋಪಿಗೆ ಕಾಫಿ ಬೇಕು, ನಕ್ಷೆಯಿಲ್ಲದೆ ಕೊಳ್ಳುವಂತಿಲ್ಲ. ಹಾಗಾಗಿ ದೊಡ್ಡ ವ್ಯಾಪಾರಿ ಕಂಪನಿಗಳೇ ಹಳ್ಳಿಗೆ ಬಂದು ಬೆಳೆಗಾರನ ತೋಟದ ನಕ್ಷೆ ತೆಗೆಯುತ್ತವೆ. ಪುಕ್ಕಟೆಯಾಗಿಯೇ ತೆಗೆಯುತ್ತವೆ. ಆದರೆ ಆ ನಕ್ಷೆ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಮುಂದಿನ ವರ್ಷ ಇನ್ನೊಬ್ಬ ವ್ಯಾಪಾರಿ ಚೀಲಕ್ಕೆ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಎಂದು ಬಂದರೆ, ಅವನ ಹತ್ತಿರ ಆ ತೋಟದ ಗುರುತಿಲ್ಲ. ಬೆಳೆಗಾರ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಇಲ್ಲವೇ ಹಳಬರಿಗೇ ಕೊಡಬೇಕು. 1996ರಲ್ಲಿ ಪೂಲ್‌ನಿಂದ ಬಿಡಿಸಿಕೊಂಡು ಪಡೆದ ‘ಯಾರಿಗೆ ಬೇಕಾದರೂ ಮಾರುವ’ ಸ್ವಾತಂತ್ರ್ಯ ಒಂದು ಫೈಲಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಉಗಾಂಡದ ಬೆಳೆಗಾರ ಇದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಕೊಡಗಿನವರಿಗೆ ಅವಕಾಶ ಇದೆ. ನಕ್ಷೆ ಕಾಫಿ ಬೋರ್ಡಿನಲ್ಲೋ ಸಹಕಾರ ಸಂಘದಲ್ಲೋ ಇದ್ದು, ಅದರ ಒಂದು ಪ್ರತಿ ಬೆಳೆಗಾರನ ಕೈಯಲ್ಲೂ ಇದ್ದರೆ ಯಾವ ವ್ಯಾಪಾರಿಗೆ ಬೇಕಾದರೂ ತೋರಿಸಬಹುದು. ಇದಕ್ಕೆ ಬೇಕಾದದ್ದು ಹಳ್ಳಿ ಹಳ್ಳಿಗೆ ಹೋಗಿ ಕೂರುವ ಜನ. ಮೊಬೈಲ್ ಹಿಡಿದು ತೋಟ ಸುತ್ತಲಾಗದ ವಯಸ್ಸಾದವರಿಗೆ, ಪಹಣಿಯಲ್ಲಿ ಹೆಸರಿಲ್ಲದ ಮನೆಯ ಹೆಂಗಸರಿಗೆ ಆಪ್ ಒಂದರಿಂದ ಏನೂ ಆಗುವುದಿಲ್ಲ. ಆ ಜನರ ಸಂಬಳವನ್ನು ಬೋರ್ಡ್ ಕೊಡಬೇಕೇ, ರಾಜ್ಯ ಕೊಡಬೇಕೇ, ರಫ್ತುದಾರರಿಂದ ಸೆಸ್ ಹಾಕಿ ವಸೂಲಿ ಮಾಡಬೇಕೇ ಎಂಬುದು ಈಗಲೇ ತೀರ್ಮಾನ ಆಗಬೇಕು.

ಯುರೋಪ್ ಕೊಟ್ಟ ಹೊಸ ಗಡುವು ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ, ಅತಿ ಸಣ್ಣವುಗಳಿಗೆ 2027ರ ಜೂನ್ 30. ನಿಯಮವನ್ನು ಇನ್ನೂ ಸರಳ ಮಾಡಬೇಕೇ ಎಂಬ ಮರುಪರಿಶೀಲನೆಯನ್ನೂ ಅದು ಸೇರಿಸಿದೆ. ಎರಡು ಸಲ ಮುಂದೂಡಿದ್ದರಿಂದ ಮೂರನೇ ಸಲವೂ ಮುಂದೂಡುತ್ತಾರೆ ಎಂದು ನೆಚ್ಚಿಕೊಂಡವರು ಇದ್ದಾರೆ. ಮುಂದೂಡದೇ ಹೋದರೆ, 2026ರ ಹೂಮಳೆಗೆ ಅರಳಿದ ಹೂವಿನ ಕಾಫಿಯೇ ಕೊಡಗಿನಿಂದ ನಕ್ಷೆಯೊಡನೆ ಹಡಗು ಹತ್ತಬೇಕಾದ ಮೊದಲ ಪೂರ್ತಿ ಫಸಲು.